ಹರಾಜುಕು ಸತ್ತುಹೋಯಿತು ಅಂತಾರಲ್ಲ, ನಿಜನಾ? ಟೋಕಿಯೊದ ಬಟ್ಟೆ, ಅಂಗಡಿ, ರಾತ್ರಿ ತಿರುಗಾಟ ಗೊತ್ತಿರುವವರು ಹೇಳಿ

ಸೂಜಿದಾರ
ಎಲ್ಲರಿಗೂ ನಮಸ್ಕಾರ. ನವೆಂಬರ್ ಎರಡನೇ ವಾರ ಬೆಂಗಳೂರಿನಿಂದ ನರಿಟಾಗೆ ಹೋಗುತ್ತಿದ್ದೇನೆ. ಜೊತೆಗೆ ಒಬ್ಬ ಗೆಳತಿ. ಒಟ್ಟು ಒಂಬತ್ತು ದಿನ. ದೇವಸ್ಥಾನ, ಫ್ಯೂಜಿ ಬೆಟ್ಟ ಎಲ್ಲ ಅವಳ ಪಟ್ಟಿಯಲ್ಲಿದೆ. ನನ್ನ ಪಟ್ಟಿಯಲ್ಲಿ ಇರುವುದು ಒಂದೇ, ಲೋಲಿಟಾ ಬಟ್ಟೆ. ಗಂಟೆಯ ಹಾಗೆ ಉಬ್ಬಿದ ಲಂಗ, ಲೇಸು, ತಲೆಗೆ ದೊಡ್ಡ ಬೋ, ಉದ್ದ ಕಾಲುಚೀಲ. ಪಿಯುಸಿಯಲ್ಲಿದ್ದಾಗ ಒಂದು ಫೋಟೊ ನೋಡಿ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಮನೆಯ ಹೊಲಿಗೆ ಮಷೀನಿನಲ್ಲಿ ನಾನೇ ಮೂರು ಲಂಗ ಹೊಲಿದುಕೊಂಡಿದ್ದೇನೆ.

ಇಂಥ ಬಟ್ಟೆಗೆ ಹೆಸರಾದ ಟೋಕಿಯೊದ ಬಡಾವಣೆ ಹರಾಜುಕು. ಆದರೆ ಎಲ್ಲಿ ಓದಿದರೂ "ಹರಾಜುಕು ಸತ್ತಿದೆ, ಈಗ ಬರೀ ಟೂರಿಸ್ಟ್ ಜಾಗ" ಅಂತ ಬರೆದಿರುತ್ತಾರೆ. ಓದಿ ಬೇಜಾರಾಗಿದೆ. ಹೋದವರು, ಅಲ್ಲೇ ಇರುವವರು ನಿಜ ಹೇಳಿ. ಹೊಸ ಬಟ್ಟೆ ನನ್ನ ಕೈಗೆ ನಿಲುಕುವುದಿಲ್ಲ, ಹಳೆಯದು ಎಲ್ಲಿ ಸಿಗುತ್ತದೆ? ಗೆಳತಿಗೆ ರಾತ್ರಿ ಸಂಗೀತ ಕೇಳಲು ಹೋಗಬೇಕು. ಇಬ್ಬರು ಹೆಂಗಸರು ಹೋಗಬಹುದಾ?

ನಿಶಿಕಸಾಯ್_ಅಕ್ಕ
ಹದಿನಾಲ್ಕು ವರ್ಷದಿಂದ ಟೋಕಿಯೊದಲ್ಲಿದ್ದೇನೆ. ಮಗಳಿಗೆ ಈ ಬಟ್ಟೆಗಳ ಹುಚ್ಚು, ಹಾಗಾಗಿ ಸುತ್ತಾಡಿ ಗೊತ್ತು. ಹರಾಜುಕುವಿನ ತಕೆಶಿತಾ ಬೀದಿ ಇರುವುದೇ ಸುಮಾರು 350 ಮೀಟರ್. ಭಾನುವಾರ ಮಧ್ಯಾಹ್ನ ಹೋದರೆ ಜನರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ವಾರದ ದಿನ ಬೆಳಿಗ್ಗೆ 11ಕ್ಕೆ ಹೋಗಿ, ಅಂಗಡಿ ಆಗಷ್ಟೇ ತೆಗೆದಿರುತ್ತಾರೆ. ಬೀದಿ ನೋಡಿ ವಾಪಸ್ ಬರಬೇಡಿ. ಸ್ವಲ್ಪ ಮುಂದೆ ಲಾಫೊರೆ ಅನ್ನುವ ಕಟ್ಟಡ ಇದೆ. ನೀವು ಹುಡುಕುವುದು ಅದರ ನೆಲಮಾಳಿಗೆಯಲ್ಲಿದೆ.

ಹಳೇಸಂಚಿಕೆ
ಅಕ್ಕ ಮೆತ್ತಗೆ ಹೇಳುತ್ತಿದ್ದಾರೆ. ನಾನು ನೇರವಾಗಿ ಹೇಳುತ್ತೇನೆ: ಸತ್ತಿದೆ. ಹರಾಜುಕು ಅಂದರೆ ಅಂಗಡಿ ಅಲ್ಲ, ಬೀದಿ. ಭಾನುವಾರ ದೊಡ್ಡ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಜನರಿಗೆ ಬಿಟ್ಟುಕೊಡುತ್ತಿದ್ದರು, "ಹೊಕೊತೆನ್" ಅನ್ನುತ್ತಿದ್ದರು. 1980ರ ಹೊತ್ತಿಗೆ ಅಲ್ಲಿ ತಕೆನೊಕೊ ಗುಂಪಿನವರು ಕಡು ಬಣ್ಣದ ಸಡಿಲ ಬಟ್ಟೆ ಹಾಕಿ ಸಾಲುಸಾಲಾಗಿ ಕುಣಿಯುತ್ತಿದ್ದರು. 1998ರಲ್ಲಿ ಅದು ನಿಂತಿತು. ಆಮೇಲೆ ಸ್ಟೇಷನ್ ಪಕ್ಕದ ಜಿಂಗು ಸೇತುವೆ ಮೇಲೆ ಗಾಢ ಮೇಕಪ್, ವೇಷಭೂಷಣದ "ವಿಷುವಲ್ ಕೇ" ರಾಕ್ ಬ್ಯಾಂಡುಗಳ ಅಭಿಮಾನಿಗಳು ಕೂರುತ್ತಿದ್ದರು. ಅದೂ ಖಾಲಿಯಾಯಿತು. ಬೀದಿಯ ಹುಡುಗ ಹುಡುಗಿಯರ ಫೋಟೊಗೇ ಮೀಸಲಾದ "ಫ್ರೂಟ್ಸ್" ಪತ್ರಿಕೆಯನ್ನು ಶೋಯಿಚಿ ಅಓಕಿ 1997ರಲ್ಲಿ ಶುರು ಮಾಡಿ 2017ರಲ್ಲಿ ನಿಲ್ಲಿಸಿದರು. ಫೋಟೊ ತೆಗೆಯುವಂಥ ಹುಡುಗರೇ ಸಿಗುತ್ತಿಲ್ಲ ಅಂದರು. ಅದೇ ವರ್ಷ "ಕೇರಾ" ಪತ್ರಿಕೆಯ ಅಚ್ಚೂ ನಿಂತಿತು. ಇದಕ್ಕಿಂತ ಸಾಕ್ಷಿ ಬೇಕಾ?

ಲೇಸುಲಂಗ
ಪತ್ರಿಕೆ ನಿಂತರೆ ಬಟ್ಟೆ ನಿಂತ ಹಾಗಾ? ನಾನು ಟೋಕಿಯೊದಲ್ಲಿ ಕೆಲಸ ಮಾಡುತ್ತೇನೆ. ತಿಂಗಳಿಗೆ ಎರಡು ಮೂರು ಸಲ ಲೋಲಿಟಾ ಹಾಕುತ್ತೇನೆ. ನಾವು ಬೀದಿಯಲ್ಲಿ ನಿಲ್ಲುವುದಿಲ್ಲ, ಯಾಕೆಂದರೆ ನಿಲ್ಲಲು ಜಾಗವೇ ಇಲ್ಲ, ನಿಂತರೆ ಹತ್ತು ಜನ ಕೇಳದೆ ಫೋಟೊ ತೆಗೆಯುತ್ತಾರೆ. ಯಾರದಾದರೂ ಹುಟ್ಟುಹಬ್ಬಕ್ಕೆ, ಟೀ ಪಾರ್ಟಿಗೆ ಒಂದು ಕೆಫೆಯಲ್ಲಿ ಸೇರುತ್ತೇವೆ. ನಿಮಗೆ ಕಾಣಿಸಲಿಲ್ಲ ಅಂದರೆ ಇಲ್ಲ ಅಂತ ಅರ್ಥ ಅಲ್ಲ.

ಹಳೇಸಂಚಿಕೆ
ಒಳಗೆ ಸೇರುವುದಕ್ಕೂ ಬೀದಿಗೂ ವ್ಯತ್ಯಾಸ ಇದೆಯಲ್ವಾ? ಬೀದಿಯಲ್ಲಿ ಯಾರು ಬೇಕಾದರೂ ಬಂದು ನೋಡಿ, ಮರುವಾರ ತಾನೂ ಹಾಕಿಕೊಂಡು ಬರಬಹುದಿತ್ತು. ಹೊಸ ಹುಡುಗಿಗೆ ನಿಮ್ಮ ಟೀ ಪಾರ್ಟಿ ಹೇಗೆ ಗೊತ್ತಾಗಬೇಕು?

ಲೇಸುಲಂಗ
ಫೋನಿನಲ್ಲಿ. ಸೂಜಿದಾರ ಅವರಿಗೆ ಗೊತ್ತಾದ ಹಾಗೆಯೇ. ಆದರೆ ನಿಮ್ಮ ಮಾತಿನಲ್ಲಿ ಒಂದು ನಿಜ ಇದೆ, ಒಪ್ಪುತ್ತೇನೆ. 2008, 2009ರಲ್ಲಿ ಎಚ್ ಅಂಡ್ ಎಂ, ಫಾರೆವರ್ 21 ಥರದ ದೊಡ್ಡ ವಿದೇಶಿ ಅಂಗಡಿಗಳು ಹರಾಜುಕುಗೆ ಬಂದವು. ಬಾಡಿಗೆ ಕಟ್ಟಲಾಗದೆ ಚಿಕ್ಕವರು ಹಿಂದಿನ ಗಲ್ಲಿಗೆ, ನೆಲಮಾಳಿಗೆಗೆ, ಕೊಯೆಂಜಿ ಬಡಾವಣೆಗೆ ಹೋದರು. ಹಾಗಾಗಿ ಹುಡುಕಿಕೊಂಡು ಹೋಗಬೇಕು.

ಕರಾವಳಿ_ಕಾಗೆ
ನಮ್ಮಮ್ಮ "ಹರಾಜುಕು" ಅಂದರೆ ಸಾಮಾನು ಹರಾಜು ಹಾಕುವ ಜಾಗ ಅಂತಲೇ ಎರಡು ವರ್ಷ ನಂಬಿದ್ದರು.

ಮುಂಗಾರು88
ತಪ್ಪು ತಿಳಿಯಬೇಡಿ, ಲೋಲಿಟಾ ಅನ್ನುವ ಹೆಸರು ಕೇಳಿದರೆ ಮುಜುಗರ ಆಗುತ್ತದೆ. ಆ ಹೆಸರಿನ ಕಾದಂಬರಿಯ ವಿಷಯ ಗೊತ್ತಲ್ಲ.

ಲೇಸುಲಂಗ
ಎಲ್ಲರೂ ಕೇಳುವ ಪ್ರಶ್ನೆ. ಕಾದಂಬರಿಗೂ ಇದಕ್ಕೂ ಸಂಬಂಧ ಇಲ್ಲ. ಮೈ ಪೂರ್ತಿ ಮುಚ್ಚುವ ಬಟ್ಟೆ ಇದು. ಕತ್ತಿನವರೆಗೆ ಗುಂಡಿ, ಲಂಗದ ಒಳಗೆ ಪ್ಯಾನಿಯೆ, ಅಂದರೆ ಲಂಗ ಉಬ್ಬಿಸುವ ಒಳಲಂಗ, ಅದರ ಒಳಗೆ ಬ್ಲೂಮರ್ಸ್ ಅನ್ನುವ ಸಡಿಲ ಚಡ್ಡಿ. ಗಂಡಸರಿಗೆ ಚೆಂದ ಕಾಣಲು ಹಾಕುವುದಲ್ಲ. ನಮಗೆ ಇಷ್ಟ, ಅದಕ್ಕೆ ಹಾಕುತ್ತೇವೆ. ಇದು ಹುಡುಗಿಯರ ಆಟ ಅಂತಲೂ ಅಂದುಕೊಳ್ಳಬೇಡಿ. ಮಿಸಾಕೊ ಅಓಕಿ ಅನ್ನುವ ಲೋಲಿಟಾ ಮಾಡೆಲ್ ವೃತ್ತಿಯಲ್ಲಿ ನರ್ಸ್. 2009ರಲ್ಲಿ ಜಪಾನಿನ ವಿದೇಶಾಂಗ ಇಲಾಖೆಯೇ ಅವರನ್ನು "ಕವಾಯಿ ರಾಯಭಾರಿ" (ಕವಾಯಿ ಅಂದರೆ ಮುದ್ದು) ಮಾಡಿತು. ಕಪ್ಪು ಬಟ್ಟೆಯ ಗಾತಿಕ್ ಲೋಲಿಟಾ ಹೆಸರಾಗಲು ಮುಖ್ಯ ಕಾರಣ ಮಾಲಿಸ್ ಮಿಜರ್ ಬ್ಯಾಂಡಿನ ಮಾನಾ. 1999ರಲ್ಲಿ ತಮ್ಮದೇ ಬಟ್ಟೆ ಬ್ರ್ಯಾಂಡ್ ಶುರು ಮಾಡಿದರು. ಅವರು ಗಂಡಸು.

ಮುಂಗಾರು88
ಸರಿ, ಗೊತ್ತಿರಲಿಲ್ಲ. ಅಂದರೆ ಇದೊಂಥರ ಕಾಸ್‌ಪ್ಲೇ.

ಲೇಸುಲಂಗ
ಅಲ್ಲ!! ಕಾಸ್‌ಪ್ಲೇ ಅಂದರೆ ಇನ್ನೊಂದು ಪಾತ್ರದ ವೇಷ. ನಾನು ಲೋಲಿಟಾ ಹಾಕಿದಾಗ ನಾನೇ ಆಗಿರುತ್ತೇನೆ. ದಯವಿಟ್ಟು ಅಂಗಡಿಯಲ್ಲಿ ಈ ಮಾತು ಆಡಬೇಡಿ, ಅವರಿಗೆ ನೋವಾಗುತ್ತದೆ.

ಸೂಜಿದಾರ
ಲೇಸುಲಂಗ ಅವರೇ, ನಿಮ್ಮನ್ನು ಕೇಳುವುದು ತುಂಬ ಇದೆ. ಅಂಗಡಿ ಒಳಗೆ ಹೇಗಿರುತ್ತದೆ? ಜಪಾನಿ ಬರದಿದ್ದರೆ ಬೈತಾರಾ? ಅಳತೆ ಸರಿ ಹೋಗುತ್ತದಾ? ನಾನು ಸಣ್ಣ ಮೈಯವಳಲ್ಲ.

ಲೇಸುಲಂಗ
ನನ್ನ ಮೊದಲ ದಿನ ಹೇಳುತ್ತೇನೆ. ಲಾಫೊರೆ ಕಟ್ಟಡದ ಮಹಡಿಗಳೇ ಅರ್ಧರ್ಧ. ಒಂದು, ಒಂದೂವರೆ, ಎರಡು ಅಂತ. ನೆಲದ ಕೆಳಗೂ ಹಾಗೇ. ನಾನು ಎರಡು ಸಲ ದಾರಿ ತಪ್ಪಿ ಕೊನೆಗೆ ಏಂಜೆಲಿಕ್ ಪ್ರೆಟಿ ಅಂಗಡಿ ಮುಂದೆ ನಿಂತೆ. ಒಳಗೆ ಹೋಗಲು ಧೈರ್ಯ ಬರಲಿಲ್ಲ. ಗುಲಾಬಿ ಗೋಡೆ, ಗುಲಾಬಿ ಕಪಾಟು, ಅಂಗಡಿಯವಳೂ ಅದೇ ಬಟ್ಟೆಯಲ್ಲಿ ಗೊಂಬೆಯ ಹಾಗಿದ್ದಳು. ಅವಳೇ ಹೊರಗೆ ಬಂದು ಕರೆದಳು.

ಹಾಕಿ ನೋಡಲು ಕೇಳಿದೆ. ಚಪ್ಪಲಿ ಬಿಟ್ಟು ಟ್ರಯಲ್ ರೂಮಿಗೆ ಹತ್ತಬೇಕು. ತೆಳ್ಳಗಿನ ಬಿಳಿ ಬಟ್ಟೆಯ ಚೀಲ ಒಂದನ್ನು ಕೈಗೆ ಕೊಟ್ಟಳು. ಏನು ಮಾಡಬೇಕು ಅಂತ ತಿಳಿಯಲಿಲ್ಲ. ಅವಳು ತನ್ನ ತಲೆ ಮೇಲೆ ಎಳೆದುಕೊಳ್ಳುವ ಹಾಗೆ ಅಭಿನಯಿಸಿ ತೋರಿಸಿದಳು. ಮುಖಕ್ಕೆ ಹಾಕುವ ಮುಸುಕು ಅದು! ತುಟಿ ಬಣ್ಣ, ಪೌಡರ್ ಹೊಸ ಬಟ್ಟೆಗೆ ತಾಗಬಾರದು ಅಂತ. ಆಮೇಲೆ ಬೆನ್ನ ಹಿಂದಿನ ದಾರ ಅವಳೇ ಕಟ್ಟಿಕೊಟ್ಟಳು, ಎರಡೂ ಕಿವಿ ಸಮ ಬರುವವರೆಗೆ ಬೋ ಬಿಚ್ಚಿ ಬಿಚ್ಚಿ ಕಟ್ಟಿದಳು. ನನಗೆ ಕಣ್ಣು ತುಂಬಿತು. ಕೊಂಡಿದ್ದು ಕಾಲುಚೀಲ ಮಾತ್ರ, ಆದರೂ ಅಂಗಡಿ ಬಾಗಿಲವರೆಗೆ ಚೀಲ ಹಿಡಿದುಕೊಂಡು ಬಂದು ತಲೆಬಾಗಿ ಕಳಿಸಿದಳು.

ಅಳತೆ: ಜಾಸ್ತಿ ಬಟ್ಟೆ ಒಂದೇ ಸೈಜಿನವು. ಬೆನ್ನಿಗೆ ಶರ್ರಿಂಗ್ ಇರುವುದನ್ನು ಹುಡುಕಿ, ಅಂದರೆ ಇಲಾಸ್ಟಿಕ್ ಹಾಕಿ ಸುಕ್ಕು ಮಾಡಿರುತ್ತಾರಲ್ಲ, ಅದು. ತೋಳಿಲ್ಲದ ಜಂಪರ್ ಸ್ಕರ್ಟ್‌ಗೆ "ಜೆಎಸ್‌ಕೆ" ಅನ್ನುತ್ತಾರೆ, ತೋಳಿರುವುದಕ್ಕೆ "ಒಪಿ". ಜೆಎಸ್‌ಕೆ ನಿಮಗೆ ಹೊಂದುತ್ತದೆ. ಒಳಗೆ ನಿಮ್ಮದೇ ಬ್ಲೌಸ್ ಹಾಕಬಹುದು. ಹೊಸದು 30,000 ಯೆನ್ ದಾಟುತ್ತದೆ. ಹಳೆಯದಕ್ಕೆ ಕ್ಲೋಸೆಟ್ ಚೈಲ್ಡ್‌ಗೆ ಹೋಗಿ. ಕಲೆ ಎಲ್ಲಿದೆ, ಗುಂಡಿ ಯಾವುದು ಸಡಿಲ, ಎಲ್ಲ ಚೀಟಿಯಲ್ಲಿ ಬರೆದಿರುತ್ತಾರೆ. ನೀವು ಹೊಲಿಗೆ ಬಲ್ಲವರು, ಗುಂಡಿ ಹೋದದ್ದನ್ನು ಕಮ್ಮಿಗೆ ತಂದು ಸರಿ ಮಾಡಿಕೊಳ್ಳಬಹುದು.

ರೇಷ್ಮೆಗೂಡು
ಪಾಸ್‌ಪೋರ್ಟ್ ಜೇಬಲ್ಲೇ ಇಟ್ಟುಕೊಳ್ಳಿ. ಒಂದೇ ಅಂಗಡಿಯಲ್ಲಿ ಒಂದೇ ದಿನ 5,000 ಯೆನ್ ದಾಟಿದರೆ 10% ತೆರಿಗೆ ಬಿಡುತ್ತಾರೆ, ಆ ಸೌಲಭ್ಯ ಇರುವ ಅಂಗಡಿಗಳಲ್ಲಿ. 2026ರ ನವೆಂಬರ್‌ನಿಂದ ಪದ್ಧತಿ ಬದಲು. ಮೊದಲು ಪೂರ್ತಿ ಕಟ್ಟಿ, ದೇಶ ಬಿಡುವಾಗ ವಾಪಸ್ ಪಡೆಯಬೇಕು.

ಎರಡನೇಕೈ
ಹಳೇ ಬಟ್ಟೆ ಅಂದರೆ ಶಿಮೊಕಿತಾಜಾವಾ. ಶಿಬುಯಾದಿಂದ ಇನೊಕಶಿರಾ ಲೈನಿನ ಎಕ್ಸ್‌ಪ್ರೆಸ್ ರೈಲಿನಲ್ಲಿ ಐದು ನಿಮಿಷವೂ ಇಲ್ಲ.

ಕೊಯೆಂಜಿ_ಕಿಟ್ಟಿ
ಶಿಮೊಕಿತಾದಲ್ಲಿ ಅಮೆರಿಕದ ಹಳೇ ಟೀ ಶರ್ಟ್, ಜೀನ್ಸ್ ಜಾಸ್ತಿ. ಚೆನ್ನಾಗಿದೆ, ಆದರೆ ಎಲ್ಲ ಅಂಗಡಿಯೂ ಒಂದೇ ಥರ. ನಿಜವಾದ ವಿಚಿತ್ರ ಬಟ್ಟೆ ಬೇಕಿದ್ದರೆ ಕೊಯೆಂಜಿಗೆ ಬನ್ನಿ. ಇಲ್ಲಿ ಅಂಗಡಿ ನಡೆಸುವವರೇ ಹೊಲಿಯುತ್ತಾರೆ, ಬಣ್ಣ ಹಾಕುತ್ತಾರೆ, ಎರಡು ಕೋಟು ಕತ್ತರಿಸಿ ಒಂದು ಮಾಡುತ್ತಾರೆ. ಬೆಳಿಗ್ಗೆ ಬರಬೇಡಿ, ಮಧ್ಯಾಹ್ನದವರೆಗೆ ಬಾಗಿಲು ತೆಗೆಯುವುದಿಲ್ಲ. ಮುಖ್ಯವಾದ ಮಾತು: ಶನಿವಾರ, ಭಾನುವಾರ ಚುಓ ಲೈನಿನ ಕಿತ್ತಳೆ ಬಣ್ಣದ ರ‍್ಯಾಪಿಡ್ ರೈಲು ಕೊಯೆಂಜಿಯಲ್ಲಿ ನಿಲ್ಲುವುದಿಲ್ಲ. ಶಿಂಜುಕುವಿನಲ್ಲಿ ಹಳದಿ ಪಟ್ಟಿಯ ರೈಲು ಹತ್ತಿ.

ಎರಡನೇಕೈ
ಕಿತ್ತಳೆ ರೈಲು ಹತ್ತಿ ಎರಡು ಸಲ ಮುಂದೆ ಹೋಗಿದ್ದೇನೆ, ಈಗ ಕಾರಣ ಗೊತ್ತಾಯಿತು. ಆದರೂ ನನ್ನ ಮತ ಶಿಮೊಕಿತಾಗೇ.

ಗುಲ್ಬರ್ಗಾ_ಗುರು
ಊಟದ ಗತಿ ಏನು? ನಾನು ಸಸ್ಯಾಹಾರಿ. ಹರಾಜುಕು ಕ್ರೇಪ್ (ತೆಳು ದೋಸೆಯಂಥ ಸಿಹಿ) ತಿನ್ನಬಹುದಾ?

ನಿಶಿಕಸಾಯ್_ಅಕ್ಕ
ಕ್ರೇಪ್ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಮೊಟ್ಟೆ ನಡೆದರೆ ತಿನ್ನಿ. ನೂಡಲ್ಸ್ ಸಾರು ನೋಡಲು ತಿಳಿಯಾಗಿದ್ದರೂ ಸಾಮಾನ್ಯವಾಗಿ ಮೀನಿನ "ದಾಶಿ" ಇರುತ್ತದೆ. ತೀರಾ ಕಷ್ಟ ಆದರೆ ನಮ್ಮ ನಿಶಿಕಸಾಯ್ ಕಡೆ ಬನ್ನಿ, ಇಡ್ಲಿ ದೋಸೆ ಸಿಗುತ್ತದೆ.

ಗುಲ್ಬರ್ಗಾ_ಗುರು
ಜೋಳದ ರೊಟ್ಟಿ?

ನಿಶಿಕಸಾಯ್_ಅಕ್ಕ
ಅದು ನಮ್ಮ ಮನೆಯಲ್ಲಿ ಮಾತ್ರ.

ಒಸಾಕಾ_ಬಸು
ಊಟ ಬಿಟ್ಟು ರಾತ್ರಿಯ ವಿಷಯಕ್ಕೆ ಬರೋಣ. ಎಂಟು ವರ್ಷ ಒಸಾಕಾದಲ್ಲಿದ್ದೆ. ಜಪಾನಿನಲ್ಲಿ ಕ್ಲಬ್ಬಿನಲ್ಲಿ ಬೆಳಗಿನವರೆಗೆ ಕುಣಿಸುವುದು 2016ರವರೆಗೆ ಕಾನೂನಿಗೆ ವಿರುದ್ಧ ಅಂದರೆ ನಂಬುತ್ತೀರಾ? 1948ರ ಕಾನೂನು ಅದು. ಕುಣಿಸುವ ಜಾಗಕ್ಕೆ ಲೈಸೆನ್ಸ್ ಬೇಕು, ಲೈಸೆನ್ಸ್ ಇದ್ದರೂ ಮಧ್ಯರಾತ್ರಿ, ಹೆಚ್ಚೆಂದರೆ ಒಂದು ಗಂಟೆಗೆ ಮುಚ್ಚಬೇಕು. ಪೊಲೀಸರು ನೋಡಿಯೂ ನೋಡದ ಹಾಗೆ ಇರುತ್ತಿದ್ದರು. 2010ರಲ್ಲಿ ಒಸಾಕಾದ ಅಮೆರಿಕಾಮುರಾದಲ್ಲಿ ಒಬ್ಬ ವಿದ್ಯಾರ್ಥಿ ಜಗಳದಲ್ಲಿ ಸತ್ತ. ಆಮೇಲೆ ದಾಳಿ ಮೇಲೆ ದಾಳಿ. 2012ರಲ್ಲಿ "ನೂನ್" ಅನ್ನುವ ಕ್ಲಬ್ಬಿನ ಮಾಲೀಕರನ್ನು ಹಿಡಿದರು. ಅವರು ತಪ್ಪೊಪ್ಪಿಕೊಳ್ಳದೆ ಕೋರ್ಟಿಗೆ ಹೋದರು. 2014ರಲ್ಲಿ ಗೆದ್ದರು. 2015ರಲ್ಲಿ ಕಾನೂನು ತಿದ್ದಿದರು, 2016ರ ಜೂನ್‌ನಿಂದ ಜಾರಿ. ಈಗ ಒಳಗಿನ ಬೆಳಕು 10 ಲಕ್ಸ್‌ಗಿಂತ ಜಾಸ್ತಿ ಇದ್ದು ಲೈಸೆನ್ಸ್ ಪಡೆದರೆ ಬೆಳಗಿನವರೆಗೆ ನಡೆಸಬಹುದು. ಇವತ್ತು ಆರಾಮಾಗಿ ಕುಣಿಯುವವರು ಆ ಒಬ್ಬ ಮಾಲೀಕರನ್ನು ನೆನೆಯಬೇಕು.

ಅಮೆರಿಕಾಮುರಾ ಬಗ್ಗೆ ಬರೆಯಲು ಶುರು ಮಾಡಿದರೆ ಮುಗಿಯುವುದಿಲ್ಲ. 70ರ ದಶಕದಲ್ಲಿ ಗೋದಾಮುಗಳಲ್ಲಿ ಅಮೆರಿಕದ ಹಳೇ ಬಟ್ಟೆ ಮಾರಿ ಬೆಳೆದ ಜಾಗ. ಒಂಬತ್ತು ದಿನದಲ್ಲಿ ಒಂದು ದಿನ ಒಸಾಕಾಗೆ ಇಡಿ.

ರೇಷ್ಮೆಗೂಡು
ಕ್ಲಬ್ ಬಾಗಿಲಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ. ಕುಡಿಯಲು 20 ತುಂಬಿರಬೇಕು. ಕೊನೇ ರೈಲು ಮಧ್ಯರಾತ್ರಿ ಆಸುಪಾಸು, ಮೊದಲ ರೈಲು ಸುಮಾರು ಬೆಳಗಿನ 5ಕ್ಕೆ. ನಡುವೆ ಟ್ಯಾಕ್ಸಿ ಮಾತ್ರ, ಅದು ದುಬಾರಿ.

ಲೇಸುಲಂಗ
ಗೆಳತಿಗೆ ಸಂಗೀತ ಬೇಕಿದ್ದರೆ ಕ್ಲಬ್ಬಿಗಿಂತ, ಬ್ಯಾಂಡುಗಳು ನುಡಿಸುವ ಚಿಕ್ಕ ಹಾಲ್ ಅಂದರೆ ಲೈವ್ ಹೌಸ್‌ಗೆ ಕರೆದುಕೊಂಡು ಹೋಗಿ. ವಿಷುವಲ್ ಕೇ ಬ್ಯಾಂಡುಗಳ ಶೋ ಸಂಜೆ ಶುರುವಾಗಿ ಸಾಮಾನ್ಯವಾಗಿ 9, 9.30ಕ್ಕೆ ಮುಗಿಯುತ್ತದೆ, ರೈಲಿನ ಚಿಂತೆ ಇಲ್ಲ. ಬಾಗಿಲಲ್ಲಿ "ಯಾವ ಬ್ಯಾಂಡಿಗೆ ಬಂದಿರಿ" ಅಂತ ಕೇಳುತ್ತಾರೆ, ಒಂದು ಹೆಸರು ಹೇಳಬೇಕು. ಟಿಕೆಟ್ ಜೊತೆ ಡ್ರಿಂಕ್‌ಗೆ 600 ಯೆನ್ ಆಸುಪಾಸು ಬೇರೆ ಕೊಡಬೇಕು, ನೀರು ತೆಗೆದುಕೊಂಡರೂ ಅಷ್ಟೇ. ಒಳಗೆ ಹೆಂಗಸರೇ ಜಾಸ್ತಿ. ಎಲ್ಲರೂ ಒಂದೇ ಥರ ಕೈ ಆಡಿಸುತ್ತಾರೆ, ಪ್ರತಿ ಹಾಡಿಗೂ ಬೇರೆ. ಮುಂದಿನವರನ್ನು ನೋಡಿ ಕಲಿಯಿರಿ, ಎರಡು ಹಾಡಿನಲ್ಲಿ ಬರುತ್ತದೆ.

ಕಬ್ಬನ್_ಪಾರ್ಕ್
ಶಿಂಜುಕುವಿನ ಬಾರುಗಳ ಜಾಗ ಕಬುಕಿಚೊದಲ್ಲಿ ಜೋಪಾನ. ಹೋದ ವರ್ಷ ಬೀದಿಯಲ್ಲಿ ಒಬ್ಬ "ಎರಡು ಸಾವಿರ ಯೆನ್, ಎಷ್ಟು ಬೇಕಾದರೂ ಕುಡಿಯಿರಿ" ಅಂತ ಕರೆದ. ಹೋದೆವು. ಬಿಲ್ಲಿನಲ್ಲಿ ಕುರ್ಚಿಗೆ, ವಾರಾಂತ್ಯಕ್ಕೆ, ಸರ್ವಿಸ್‌ಗೆ ಅಂತ ಒಂದೊಂದೇ ಸೇರಿಸಿ ಇಬ್ಬರಿಗೆ 38,000 ಯೆನ್ ಕಿತ್ತರು. ಅದೇ ಬೀದಿಯಲ್ಲಿ "ಕರೆಯುವವರ ಹಿಂದೆ ಹೋಗಬೇಡಿ" ಅಂತ ಮೈಕಿನಲ್ಲಿ ಕೂಗುತ್ತಲೇ ಇರುತ್ತಾರೆ, ನಮಗೆ ಅರ್ಥವಾಗಿರಲಿಲ್ಲ. ಬೀದಿಯಲ್ಲಿ ಕರೆದವರ ಹಿಂದೆ ಹೋಗಲೇಬೇಡಿ.

ಕೊಯೆಂಜಿ_ಕಿಟ್ಟಿ
ಪಕ್ಕದಲ್ಲೇ ಗೋಲ್ಡನ್ ಗಾಯ್ ಇದೆ. ಇಕ್ಕಟ್ಟಾದ ಗಲ್ಲಿಗಳಲ್ಲಿ 200ಕ್ಕೂ ಹೆಚ್ಚು ಪುಟ್ಟ ಬಾರುಗಳು. ಒಂದೊಂದರಲ್ಲಿ ಏಳೆಂಟು ಜನ ಕೂತರೆ ಭರ್ತಿ. ಪಂಕ್, ಹಾರರ್ ಸಿನಿಮಾ, ಹಳೇ ಜಾಜ್ ಅಂತ ಒಂದೊಂದಕ್ಕೂ ಒಂದು ರುಚಿ. ಕೂರುವ ದುಡ್ಡು ಎಷ್ಟು ಅಂತ ಬಾಗಿಲಲ್ಲಿ ಬರೆದಿರುವ ಕಡೆ ಹೋಗಿ. ಗುಂಪಾಗಿ ನುಗ್ಗಬೇಡಿ, ಇಬ್ಬರಾದರೆ ಸರಿ.

ಕ್ಯಾಮೆರಾ_ಕೃಷ್ಣ
ಕಬುಕಿಚೊದಲ್ಲಿ ಗಾಡ್ಜಿಲ್ಲಾ ತಲೆ ಇರುವ ತೋಹೊ ಕಟ್ಟಡದ ಪಕ್ಕ ಸಂಜೆ ಹೋಗಿ. ಕಪ್ಪು, ಗುಲಾಬಿ ಬಟ್ಟೆಯ ಹುಡುಗಿಯರು ನೆಲದ ಮೇಲೆ ಕೂತಿರುತ್ತಾರೆ. "ಜಿರಾಯ್ ಕೇ" ಅನ್ನುತ್ತಾರೆ. ನನಗೆ ಒಳ್ಳೊಳ್ಳೆ ಫೋಟೊ ಸಿಕ್ಕವು.

ನಿಶಿಕಸಾಯ್_ಅಕ್ಕ
ಕೃಷ್ಣ, ಅವರನ್ನು ಕೇಳಿ ತೆಗೆದಿರಾ? ಅಲ್ಲಿ ಕೂರುವ ಮಕ್ಕಳಲ್ಲಿ ಎಷ್ಟೋ ಜನ ಮನೆಯಲ್ಲಿ ಇರಲಾಗದೆ ಬಂದವರು. "ತೋಯೊಕೊ ಮಕ್ಕಳು" ಅಂತ ಇಲ್ಲಿನ ಸುದ್ದಿಯಲ್ಲಿ ಬರುತ್ತಲೇ ಇರುತ್ತದೆ. ಅವರನ್ನು ದುರುಪಯೋಗ ಮಾಡಿಕೊಳ್ಳುವ ದೊಡ್ಡವರೂ ಅಲ್ಲೇ ಸುತ್ತುತ್ತಾರೆ. ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳು. ನನಗೂ ಮಗಳಿದ್ದಾಳೆ.

ಕ್ಯಾಮೆರಾ_ಕೃಷ್ಣ
ಫ್ಯಾಷನ್ ಅಂತಷ್ಟೇ ತಿಳಿದಿದ್ದೆ. ದೂರದಿಂದ ತೆಗೆದಿದ್ದೆ, ಕೇಳಿರಲಿಲ್ಲ. ತಪ್ಪಾಯಿತು, ಅಳಿಸುತ್ತೇನೆ.

ಲೇಸುಲಂಗ
ಜಿರಾಯ್ ಅಂದರೆ ನೆಲಬಾಂಬು. ಮನಸ್ಸು ಯಾವಾಗ ಸಿಡಿಯುತ್ತದೋ ಗೊತ್ತಿಲ್ಲದ ಹುಡುಗಿ ಅಂತ ಹೀಯಾಳಿಸಲು ಇಟ್ಟ ಹೆಸರು. ಬಟ್ಟೆ ಇಷ್ಟಪಟ್ಟು ಹಾಕುವ ಸಾಮಾನ್ಯ ಹುಡುಗಿಯರೂ ತುಂಬ ಇದ್ದಾರೆ. ಬಟ್ಟೆ ನೋಡಿ ಕಥೆ ಕಟ್ಟಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ಅಂಗಡಿ ಒಳಗೂ ಅಷ್ಟೇ.

ಹಳೇಸಂಚಿಕೆ
ಫೋಟೊ ಬೇಕಿದ್ದರೆ ಭಾನುವಾರ ಯೊಯೊಗಿ ಪಾರ್ಕಿನ ಬಾಗಿಲಿಗೆ ಹೋಗಿ. ರಾಕಬಿಲಿ ಗುಂಪು ಹಳೇ ಅಮೆರಿಕನ್ ರಾಕ್ ಹಾಡಿಗೆ ಈಗಲೂ ಕುಣಿಯುತ್ತದೆ. ಬೂಟಿಗೆ ಸುತ್ತಿದ ಟೇಪು ನೋಡಿ. ಡಾಂಬರಿನ ಮೇಲೆ ಕುಣಿದು ಕುಣಿದು ಬೂಟು ಹರಿಯುತ್ತದೆ, ಟೇಪು ಸುತ್ತಿ ಮತ್ತೆ ಕುಣಿಯುತ್ತಾರೆ.

ಲೇಸುಲಂಗ
ಅಂದರೆ ಬೀದಿ ಪೂರ್ತಿ ಸತ್ತಿಲ್ಲ ಅಂತ ಒಪ್ಪಿದಿರಿ?

ಹಳೇಸಂಚಿಕೆ
ಆ ಒಂದು ಮೂಲೆ ಬದುಕಿದೆ. ಅಷ್ಟು ಒಪ್ಪುತ್ತೇನೆ.

ಸೂಜಿದಾರ
ಕೊನೆಯ ಪ್ರಶ್ನೆ. ನಾನು ಹೊಲಿದ ಲಂಗ ಹಾಕಿಕೊಂಡು ಲಾಫೊರೆಗೆ ಹೋಗಬಹುದಾ? ಬ್ರ್ಯಾಂಡ್ ಹಾಕಿದವರ ಮಧ್ಯೆ ಕೀಳಾಗಿ ನೋಡುತ್ತಾರಾ?

ಲೇಸುಲಂಗ
ಹಾಕಿಕೊಂಡೇ ಹೋಗಿ. ಪ್ಯಾನಿಯೆ ಮಾತ್ರ ಬಿಡಬೇಡಿ, ಅದಿಲ್ಲದಿದ್ದರೆ ಲಂಗ ಜೋತುಬೀಳುತ್ತದೆ.

ಸೂಜಿದಾರ
ಹೋಗಿ ಬಂದೆ! ಹೇಗಿತ್ತು ಅಂತ ಬರೆಯುತ್ತಿದ್ದೇನೆ.

ಗುರುವಾರ ಬೆಳಿಗ್ಗೆ ತಕೆಶಿತಾ ಬೀದಿಯಲ್ಲಿ ಲೋಲಿಟಾ ಹಾಕಿದವರು ಒಬ್ಬರೂ ಕಾಣಲಿಲ್ಲ. ಮೈತುಂಬ ಬಣ್ಣಬಣ್ಣದ ಅಲಂಕಾರ ತೊಡುವ ಡೆಕೋರಾ ಶೈಲಿಯ ಒಬ್ಬ ಹುಡುಗ ಇದ್ದ, ಕೂದಲಿಗೆ ಎಷ್ಟು ಪ್ಲಾಸ್ಟಿಕ್ ಕ್ಲಿಪ್ಪು ಅಂದರೆ ನಡೆದರೆ ಸದ್ದು ಬರುತ್ತಿತ್ತು. ಕೇಳಿ ಫೋಟೊ ತೆಗೆದೆ. ಬೆರಳೆತ್ತಿ ನಕ್ಕ. ಲಾಫೊರೆ ನೆಲಮಾಳಿಗೆಯಲ್ಲಿ ಮೂವರು ಸಿಕ್ಕರು, ಒಬ್ಬರಿಗೆ ನನ್ನಮ್ಮನಷ್ಟು ವಯಸ್ಸು, ಕಡುನೀಲಿ ಲಂಗ, ಕೈಯಲ್ಲಿ ಛತ್ರಿ. ನನ್ನ ಲಂಗದ ಅಂಚು ನೋಡಿ ಏನೋ ಕೇಳಿದರು. ಫೋನಿನಲ್ಲಿ ಅನುವಾದ ಮಾಡಿದರೆ "ಈ ನೆರಿಗೆ ಕೈಯಲ್ಲಿ ಹಿಡಿದಿದ್ದಾ" ಅಂತ. ಹೌದು ಅಂದೆ. ಬಗ್ಗಿ ಅಂಚನ್ನು ಎರಡು ಬೆರಳಲ್ಲಿ ತಿರುಗಿಸಿ ಒಳಗಿನ ಹೊಲಿಗೆ ನೋಡಿದರು. ಆಮೇಲೆ ತಮ್ಮ ಲಂಗದ ಅಂಚನ್ನೂ ತಿರುಗಿಸಿ ತೋರಿಸಿದರು. ಅದೂ ಅವರೇ ಹೊಲಿದದ್ದು.

ಕ್ಲೋಸೆಟ್ ಚೈಲ್ಡ್‌ನಲ್ಲಿ ಒಂದು ಜೆಎಸ್‌ಕೆ ಸಿಕ್ಕಿತು. ಶರ್ರಿಂಗ್ ಇದೆ, ಎರಡು ಗುಂಡಿ ಇಲ್ಲ. ಗೆಳತಿ ಲೈವ್ ಹೌಸ್‌ನಲ್ಲಿ ಕೈ ಆಡಿಸುವುದನ್ನು ನನಗಿಂತ ಮೊದಲು ಕಲಿತಳು. ಒಸಾಕಾಗೆ ಹೋಗಲಾಗಲಿಲ್ಲ, ಬಸು ಅವರೇ ಕ್ಷಮಿಸಿ.

ಒಸಾಕಾ_ಬಸು
ಮುಂದಿನ ಸಲ. ಬಿಡುವುದಿಲ್ಲ.

ಮುಂಗಾರು88
ಪ್ಯಾನಿಯೆ ಸೂಟ್‌ಕೇಸಿನಲ್ಲಿ ಹೇಗೆ ಹಿಡಿಸಿದಿರಿ? ನನ್ನ ತಂಗಿ ಈ ಚರ್ಚೆ ಪೂರ್ತಿ ಓದಿದ್ದಾಳೆ, ಕೇಳುತ್ತಿದ್ದಾಳೆ.

ಸೂಜಿದಾರ
ಗಾಳಿ ಹೀರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ತಟ್ಟೆಯಷ್ಟು ದಪ್ಪ ಆಗುತ್ತದೆ. ತಲುಪಿದ ಕೂಡಲೇ ತೆಗೆದು ತಲೆಕೆಳಗಾಗಿ ತೂಗುಹಾಕಲು ಹೇಳಿ. ಅವಳಿಗೆ ನನ್ನ ಲಂಗದ ಅಳತೆ ಬೇಕಿದ್ದರೆ ಕಳಿಸುತ್ತೇನೆ.